ಮಗಳೊಡನೆ ಟಿರೆಟ್ಟಾ ಬಜಾರಿಗೆ ಹೋಗಬಹುದೆ?

ಪ್ರಶ್ನೆ: ನಮ್ಮದು ದಾವಣಗೆರೆ. ಮಗಳಿಗೆ ಕೋಲ್ಕತ್ತದಲ್ಲಿ ಕೆಲಸ ಸಿಕ್ಕಿದೆ. ಜನವರಿಯಲ್ಲಿ ನಾನು ಮತ್ತು ನಮ್ಮ ಮನೆಯವರು ಅವಳಲ್ಲಿಗೆ ಹೋಗುತ್ತಿದ್ದೇವೆ. ಭಾನುವಾರ ಬೆಳಗಿನ ಜಾವ ಟಿರೆಟ್ಟಾ ಬಜಾರಿನ ಚೀನೀ ತಿಂಡಿಯ ಬೀದಿಗೆ ನಮ್ಮನ್ನು ಕರೆದುಕೊಂಡು ಹೋಗಬೇಕೆಂದು ಅವಳಿಗೆ ಆಸೆ. ನಾನು ಮೊಟ್ಟೆಯನ್ನೂ ಮುಟ್ಟದವಳು. ನಮ್ಮ ಮನೆಯವರು ಮೊಟ್ಟೆ ತಿನ್ನುತ್ತಾರೆ, ಮಾಂಸವಿಲ್ಲ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಮ್ಮೆ ಇಲ್ಲಿಯ ಗಾಡಿಯಲ್ಲಿ ಗೋಬಿ ಮಂಚೂರಿ ತಿಂದ ರಾತ್ರಿ ಅವರಿಗೆ ತಲೆನೋವು ಬಂದು ಮುಖ ಕೆಂಪಾಗಿತ್ತು. ಅಜಿನೊಮೊಟೊದಿಂದಲೇ ಹೀಗಾಯಿತು ಎಂದು ಎಲ್ಲರೂ ಹೇಳಿದರು. ಮಗಳು ಹಂದಿ ಮಾಂಸವನ್ನೂ ತಿನ್ನುತ್ತಾಳೆ. ಅದರಿಂದ ಮಿದುಳಿಗೆ ಹುಳು ಹೋಗುತ್ತದೆ ಎಂದು ಕೇಳಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ಅಲ್ಲಿ ಯಾವ ಯಾವ ಪ್ರಾಣಿಗಳನ್ನು ಬೇಯಿಸುತ್ತಾರೋ ಎಂದು ನಮ್ಮ ಅತ್ತಿಗೆ ಬೇರೆ ಹೆದರಿಸಿದ್ದಾರೆ. ಆ ಬಜಾರಿನಲ್ಲಿ ಈಗ ಏನೂ ಉಳಿದಿಲ್ಲ, ಕೋಲ್ಕತ್ತದ ಇನ್ನೊಂದು ಚೀನೀ ಬಡಾವಣೆಯಾದ ಟ್ಯಾಂಗ್ರಾಕ್ಕೆ ಹೋಗಿ ಎನ್ನುವವರೂ ಇದ್ದಾರೆ. ಬರುವುದಿಲ್ಲ ಎಂದರೆ ಮಗಳು ನೊಂದುಕೊಳ್ಳುತ್ತಾಳೆ. ಏನು ಮಾಡಲಿ?

ಉತ್ತರ: ಹೋಗಿ ಅಮ್ಮ. ಉಳಿದುದನ್ನೆಲ್ಲ ಆಮೇಲೆ ವಿವರಿಸುತ್ತೇನೆ, ಮೊದಲು ಇದೊಂದು ಮಾತು ನಿಮಗೆ ಸಿಗಲಿ. ಹೋಟೆಲುಗಳ ಅಡುಗೆಮನೆಗಳನ್ನು ತಪಾಸಣೆ ಮಾಡುವುದು, ಅಡುಗೆಯವರಿಗೆ ನೈರ್ಮಲ್ಯದ ತರಬೇತಿ ಕೊಡುವುದು ನನ್ನ ಕೆಲಸ. ಆ ಕೆಲಸದ ಮೇಲೆಯೇ ಕೋಲ್ಕತ್ತದಲ್ಲಿ ಕೆಲವು ವರ್ಷ ಇದ್ದೆ. ಟಿರೆಟ್ಟಾ ಬಜಾರಿನ ಭಾನುವಾರಗಳನ್ನು ಬಲ್ಲೆ.

ನಿಮ್ಮ ಪತ್ರದಲ್ಲಿ ನಾಲ್ಕೈದು ಭಯಗಳಿವೆ. ಅವುಗಳ ಕೆಳಗೆ ಇರುವುದು ಮಾತ್ರ ಒಂದೇ ಪ್ರಶ್ನೆ ಎಂದು ನನಗೆ ಅನ್ನಿಸಿತು: ನನ್ನ ನಿಯಮವೂ ಕೆಡದೆ, ಮಗಳ ಸಂತೋಷಕ್ಕೂ ಅಡ್ಡಿಯಾಗದೆ ಅವಳ ಜೊತೆ ಆ ಬೀದಿಯಲ್ಲಿ ನಿಲ್ಲಬಹುದೆ? ನಿಲ್ಲಬಹುದು. ಆದರೆ ನೀವು ಯಾವುದಕ್ಕೆ ಹೆದರಿದ್ದೀರೋ ಅಪಾಯ ಅಲ್ಲಿಲ್ಲ. ಎಚ್ಚರ ಬೇಕಾಗಿರುವ ಜಾಗಗಳು ಬೇರೆಯೇ ಇವೆ.

ಅಜಿನೊಮೊಟೊದಿಂದ ಆರಂಭಿಸೋಣ. 1908ರಲ್ಲಿ ಕಿಕುನೆ ಇಕೆಡಾ ಎಂಬ ಜಪಾನೀ ರಸಾಯನವಿಜ್ಞಾನಿ ಕೊಂಬು ಎಂಬ ಸಮುದ್ರಪಾಚಿಯ ಸಾರಿಗೆ ಅದರ ವಿಶೇಷ ರುಚಿ ಎಲ್ಲಿಂದ ಬರುತ್ತದೆ ಎಂದು ಹುಡುಕಿ ಗ್ಲುಟಮೇಟನ್ನು ಬೇರ್ಪಡಿಸಿದ. ಮುಂದೆ ಅದರ ಸೋಡಿಯಂ ಲವಣ ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇದೇ ಗ್ಲುಟಮೇಟ್ ಮಾಗಿದ ಟೊಮೆಟೊದಲ್ಲಿದೆ, ಅಣಬೆಯಲ್ಲಿದೆ, ತಾಯಿಯ ಹಾಲಿನಲ್ಲಿಯೂ ಇದೆ. ಇದರ ಬಗ್ಗೆ ಭಯ ಹುಟ್ಟಿದ್ದು ಒಂದು ಪತ್ರದಿಂದ. 1968ರಲ್ಲಿ ರಾಬರ್ಟ್ ಹೋ ಮನ್ ಕ್ವಾಕ್ ಎಂಬ ವೈದ್ಯರು ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ತಮಗೆ ಕತ್ತು ಮರಗಟ್ಟಿದಂತಾಗಿ, ನಿಶ್ಶಕ್ತಿಯಾಗಿ, ಎದೆ ಬಡಿತ ಹೆಚ್ಚಾಗುತ್ತದೆ ಎಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಗೆ ಬರೆದರು. ಅವರು ಅಜಿನೊಮೊಟೊ ಒಂದನ್ನೇ ದೂರಿರಲಿಲ್ಲ. ಸೋಯಾ ಸಾಸ್, ಅಡುಗೆಗೆ ಬಳಸುವ ಮದ್ಯ, ಉಪ್ಪು ಇವನ್ನೂ ಶಂಕಿಸಿದ್ದರು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಅದೊಂದೇ. ಆಮೇಲೆ ಯಾರಿಗೆ ಏನು ಕೊಡಲಾಗಿದೆ ಎಂಬುದು ಕೊಟ್ಟವರಿಗೂ ತಿಂದವರಿಗೂ ತಿಳಿಯದಂತೆ ಪರೀಕ್ಷೆಗಳನ್ನು ನಡೆಸಿದರು. ಬೇರೆ ಆಹಾರವಿಲ್ಲದೆ ಒಮ್ಮೆಗೇ ಮೂರು ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟಾಗ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಮುಖ ಕೆಂಪಾಗುವುದು ಕಂಡುಬಂತು. ಅದೇ ಜನರಿಗೆ ಮತ್ತೆ ಕೊಟ್ಟಾಗ ಅದೇ ಫಲ ಬರಲಿಲ್ಲ. ಗಾಡಿಯವರು ಕೈಬಿಚ್ಚಿ ಸುರಿಯುವುದನ್ನು ನಾನೂ ನೋಡಿದ್ದೇನೆ. ಕಳಪೆ ಸಾಮಗ್ರಿಗೆ ರುಚಿ ಬರಿಸಲು ಹಾಗೆ ಸುರಿದರೆ ಅದು ಆಕ್ಷೇಪಿಸಬೇಕಾದ ಅಡುಗೆಯೇ. ಹಾಗೆಂದು ಆ ಪುಡಿಯನ್ನು ವಿಷ ಎನ್ನಲಾಗುವುದಿಲ್ಲ.

ನಿಮ್ಮ ಮನೆಯವರಿಗೆ ಆ ರಾತ್ರಿ ಏಕೆ ಹಾಗಾಯಿತು? ಇಲ್ಲಿ ಕುಳಿತು ಖಚಿತವಾಗಿ ಹೇಳುವುದು ಸರಿಯಲ್ಲ. ಆದರೆ ರಕ್ತದೊತ್ತಡ ಇರುವವರ ವಿಚಾರದಲ್ಲಿ ನನ್ನ ಮೊದಲ ಶಂಕೆ ಉಪ್ಪಿನ ಮೇಲೆ. ಅಡುಗೆ ಉಪ್ಪಿನಲ್ಲಿ ಸುಮಾರು 39 ಶೇಕಡಾ ಸೋಡಿಯಂ ಇದ್ದರೆ ಅಜಿನೊಮೊಟೊದಲ್ಲಿ ಇರುವುದು ಸುಮಾರು 12 ಶೇಕಡಾ. ಸೋಯಾ ಸಾಸ್ ಹಾಗಲ್ಲ: ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನವಿಡೀ ಸೇರಿ 2000 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ತಟ್ಟೆ ಮಂಚೂರಿಯಲ್ಲಿ ಸೋಯಾ ಸಾಸ್, ಚಿಲ್ಲಿ ಸಾಸ್, ಟೊಮೆಟೊ ಸಾಸ್, ಅದರ ಮೇಲೆ ಉಪ್ಪು. ನೀವೇ ಕೂಡಿಸಿ ನೋಡಿ. ಇನ್ನೊಂದು ಶಂಕೆ ಬಣ್ಣದ್ದು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮಿನ್-ಬಿ ಅದರಲ್ಲಿ ಮುಖ್ಯವಾಗಿತ್ತು. ಬೆಂಕಿಯಂಥ ಕೆಂಪು ಬಣ್ಣ ಮೆಣಸಿನಕಾಯಿಯಿಂದ ಬರುವುದಿಲ್ಲ. ಒಂದು ಎಚ್ಚರಿಕೆ: ಮುಖ ಕೆಂಪಾದಾಗ ತುರಿಕೆ, ತುಟಿ ಊತ, ಉಸಿರು ಕಟ್ಟಿದಂತಾಗುವುದು ಇದ್ದರೆ ಅದು ಅಲರ್ಜಿ ಇರಬಹುದು. ಶೇಂಗಾ, ಸೋಯಾ, ಸೀಗಡಿ ಇವೆಲ್ಲ ಅದಕ್ಕೆ ಕಾರಣವಾಗಬಲ್ಲವು. ಹಾಗಿದ್ದರೆ ಪ್ರಯಾಣಕ್ಕೆ ಮೊದಲೇ ವೈದ್ಯರಿಗೆ ತೋರಿಸಿ, ಇದನ್ನು ಮುಂದೂಡಬೇಡಿ.

ಇನ್ನು ಹಂದಿ ಮಾಂಸ. ನಿಮ್ಮ ನಿದ್ದೆ ಕೆಡಿಸಿದ ಮಾತಿನಲ್ಲಿ ಅರ್ಧ ನಿಜವಿದೆ, ಅರ್ಧ ತಲೆಕೆಳಗಾಗಿದೆ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದರೆ ಕರುಳಿನಲ್ಲಿ ಲಾಡಿಹುಳು ಬೆಳೆಯಬಹುದು. ಮಿದುಳಿನಲ್ಲಿ ಗಂಟು ಕಟ್ಟಿ ಮೂರ್ಛೆ ತರಿಸುವ ಕಾಯಿಲೆಯ ದಾರಿಯೇ ಬೇರೆ. ಆ ಹುಳುವಿರುವ ಮನುಷ್ಯನ ಮಲದಿಂದ ಹೊರಬಿದ್ದ ಮೊಟ್ಟೆಗಳು ನೀರು, ಮಣ್ಣು, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಬಾಯಿ ಸೇರಿದಾಗ ಅದು ಬರುತ್ತದೆ. ಆದ್ದರಿಂದ ಮಾಂಸ ಮುಟ್ಟದವರಿಗೂ ಬರುತ್ತದೆ. ನಮ್ಮಲ್ಲಿ ಎಲೆಕೋಸಿನ ಹುಳು ಮಿದುಳಿಗೆ ಹೋಗುತ್ತದೆ ಎನ್ನುವ ಮಾತಿಗೆ ಇದೇ ಮೂಲ; ಆದರೆ ಎಲೆಯ ಮೇಲೆ ಕಾಣುವ ಹಸಿರು ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಮಗಳು ಹಬೆಯಲ್ಲಿ ಚೆನ್ನಾಗಿ ಬೆಂದ, ಮುರಿದಾಗ ಒಳಗೆ ಗುಲಾಬಿ ಬಣ್ಣ ಕಾಣದ ಮಾಂಸವನ್ನು ಬಿಸಿಯಾಗಿ ತಿಂದರೆ ಆ ಹುಳುವಿನ ಭಯವಿಲ್ಲ. ಅದೇ ಗಾಡಿಯಲ್ಲಿ ಬದಿಗೆ ಇಟ್ಟ ಹಸಿ ಈರುಳ್ಳಿ, ಹಸಿ ಕೋಸು, ಕತ್ತರಿಸಿಟ್ಟ ಸೌತೆಕಾಯಿಯನ್ನು ಅವಳೂ ಬಿಡಬೇಕು, ನೀವೂ ಬಿಡಬೇಕು.

ಅತ್ತಿಗೆಯವರ ಮಾತಿಗೆ ಹೆಚ್ಚು ಜಾಗ ಕೊಡಲಾರೆ. ಆ ಬೀದಿಯಲ್ಲಿ ಸಿಗುವುದು ಹಂದಿ, ಕೋಳಿ, ಮೀನು, ಸೀಗಡಿ. ಉಳಿದದ್ದೆಲ್ಲ ಗಾಳಿಮಾತು, ಅದೂ ತಲೆತಲಾಂತರದಿಂದ ಒಂದು ಸಮುದಾಯವನ್ನು ನೋಯಿಸುತ್ತ ಬಂದಿರುವ ಗಾಳಿಮಾತು. ದಯವಿಟ್ಟು ಅದನ್ನು ಮುಂದಕ್ಕೆ ದಾಟಿಸಬೇಡಿ.

ಹಾಗಾದರೆ ನನ್ನಂಥವರು ಅಲ್ಲಿ ಏನನ್ನು ನೋಡುತ್ತೇವೆ? ಮೊದಲು ಹಬೆಯನ್ನು. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿದ್ದರೆ ರೋಗಾಣುಗಳು ಬೆಳೆಯುವುದಿಲ್ಲ. ಅದಕ್ಕಿಂತ ಕೆಳಗಿಳಿದು ಉಗುರುಬೆಚ್ಚಗಾದರೆ ಬೇಗ ಬೇಗ ಬೆಳೆಯುತ್ತವೆ. ಮುಚ್ಚಳ ತೆಗೆದೊಡನೆ ಹಬೆ ಏಳುವ ಪಾತ್ರೆಯಿಂದ, ಕೊತಕೊತ ಕುದಿಯುತ್ತಿರುವ ಸೂಪಿನಿಂದ ತೆಗೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ಅಪಾಯ ಕಳೆಯಿತು. ತಟ್ಟೆಯಲ್ಲಿ ಜೋಡಿಸಿಟ್ಟ, ಆರಿದ ತಿಂಡಿ ಎಷ್ಟೇ ಚೆಂದವಾಗಿದ್ದರೂ ಬೇಡ. ಈ ಕಾರಣಕ್ಕೇ ಬೇಗ ಹೋಗಿ ಎನ್ನುತ್ತೇನೆ. ಆರು ಗಂಟೆಗೆ ಅಲ್ಲಿದ್ದರೆ ಮೊದಲ ಸುತ್ತಿನ ತಿಂಡಿ ಸಿಗುತ್ತದೆ. ಎಂಟು ಗಂಟೆಯ ಹೊತ್ತಿಗೆ ಹಲವರು ಗಂಟುಮೂಟೆ ಕಟ್ಟುತ್ತಿರುತ್ತಾರೆ. ಆಗ ಉಳಿದಿರುವುದು ಉಳಿದದ್ದೇ.

ಎರಡನೆಯದು ಅನ್ನ. ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಕುದಿಸಿದರೂ ಸಾಯುವುದಿಲ್ಲ. ಅನ್ನವನ್ನು ಹೊರಗೇ ಬಿಟ್ಟರೆ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ಫ್ರೈಡ್ ರೈಸ್‌ಗೆ ಆರಿದ ಅನ್ನವೇ ಬೇಕಾಗಿರುವುದರಿಂದ ಹಲವು ಅಡುಗೆಮನೆಗಳಲ್ಲಿ ಹಿಂದಿನ ರಾತ್ರಿಯ ಅನ್ನ ಹೊರಗೇ ಇರುತ್ತದೆ. ತಂಗಳನ್ನದ ಚಿತ್ರಾನ್ನಕ್ಕೂ ಇದೇ ನಿಯಮ, ಅದನ್ನು ಮಾತ್ರ ನಾವು ಪ್ರಶ್ನಿಸುವುದಿಲ್ಲ. ರಾತ್ರಿಯೇ ಬೇಗ ಆರಿಸಿ ಫ್ರಿಜ್‌ನಲ್ಲಿಟ್ಟ ಅನ್ನವಾದರೆ ತೊಂದರೆಯಿಲ್ಲ. ಬೀದಿಯಲ್ಲಿ ಅದನ್ನು ತಿಳಿಯುವ ದಾರಿಯಿಲ್ಲವಾದ್ದರಿಂದ ಅಲ್ಲಿ ಅನ್ನದ ತಿನಿಸು ಬೇಡ, ನೂಡಲ್ಸ್ ಮೇಲು.

ಮೂರನೆಯದು ನೀರು. ನೀರು ಬೆರೆಸಿ ತೆಳುಮಾಡಿದ ಚಟ್ನಿ, ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆದ ತಟ್ಟೆ. ಕಾಗದದ ತಟ್ಟೆ ಕೇಳಿ, ಇಲ್ಲವೆ ಮನೆಯಿಂದ ಒಂದು ಡಬ್ಬಿ ಒಯ್ಯಿರಿ. ಕುಡಿಯುವ ನೀರು ನಿಮ್ಮದೇ ಇರಲಿ.

ಈಗ ನಿಮ್ಮ ಊಟದ ನಿಯಮಕ್ಕೆ ಬರುತ್ತೇನೆ. ಟಿರೆಟ್ಟಾ ಬಜಾರಿನ ಗಾಡಿಗಳಲ್ಲಿ ನೀವು ಏನನ್ನೂ ತಿನ್ನದಿರುವುದೇ ಸರಿ ಎಂಬುದು ನನ್ನ ಸಲಹೆ. ಒರಟಾಗಿ ಕೇಳಿಸಬಹುದು, ಆದರೆ ಕಾರಣಗಳಿವೆ. ಹಬೆಯ ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಮೇಲಿನ ಬುಟ್ಟಿಯ ಮಾಂಸದ ರಸ ಕೆಳಗಿನ ತರಕಾರಿ ಮೋಮೊ ಮೇಲೆ ತೊಟ್ಟಿಕ್ಕುತ್ತದೆ. ಎಳ್ಳು ಹಚ್ಚಿ ಕರಿದ, ಒಳಗೆ ಸಿಹಿ ತುಂಬಿದ ಉಂಡೆಗಳು ನೋಡಲು ನಮ್ಮ ತಿಂಡಿಯಂತೆಯೇ ಕಾಣುತ್ತವೆ. ಆದರೆ ಎಣ್ಣೆ ಯಾವುದು, ಅದರಲ್ಲಿ ಇನ್ನೇನು ಕರಿದಿದ್ದಾರೆ ಎಂಬುದು ತಿಳಿಯದು. ಮೂಲಂಗಿಯ ಕೇಕಿನಲ್ಲಿ ಒಣ ಸೀಗಡಿಯ ಚೂರು ಇರುವುದು ಸಾಮಾನ್ಯ. ಚೀನೀ ಬೇಕರಿ ತಿನಿಸುಗಳಿಗೆ ಹಂದಿಯ ಕೊಬ್ಬು ಹಾಕುವ ಪದ್ಧತಿ ಇದೆ. ಗಾಡಿಯವರು ಮೋಸ ಮಾಡುತ್ತಾರೆಂದಲ್ಲ. ಅವರ ಅಡುಗೆ ಇರುವುದೇ ಹಾಗೆ, ಇಕ್ಕಟ್ಟಿನ ಜಾಗದಲ್ಲಿ ಬೇರೆ ಬೇರೆ ಪಾತ್ರೆ ಇಡಲು ಅವರಿಂದ ಆಗುವುದಿಲ್ಲ.

ಚೀನೀಯರಿಗೆ ಸಸ್ಯಾಹಾರವೇ ಗೊತ್ತಿಲ್ಲ ಎಂದು ಮಾತ್ರ ಇದರಿಂದ ತೀರ್ಮಾನಿಸಬೇಡಿ. ಬೌದ್ಧ ಮಠಗಳಿಂದ ಬಂದ ಅವರ ಸಸ್ಯಾಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ. ಚಾಂದ್ರಮಾನ ತಿಂಗಳ ಮೊದಲ ಮತ್ತು ಹದಿನೈದನೆಯ ದಿನ ಮಾಂಸ ಬಿಡುವ ಕುಟುಂಬಗಳಿವೆ, ನಮ್ಮ ಏಕಾದಶಿಯಂತೆ. ಬೀದಿಯ ತಿಂಡಿಯಲ್ಲಿ ಅದು ಕಾಣುವುದಿಲ್ಲ ಅಷ್ಟೆ.

ನಿಮ್ಮ ಮುಂದೆ ಮೂರು ದಾರಿಗಳಿವೆ. ನನಗೆ ಹೆಚ್ಚು ಇಷ್ಟವಾದದ್ದನ್ನು ಮೊದಲು ಹೇಳುತ್ತೇನೆ. ಭಾನುವಾರ ಮುಂಜಾನೆ ಮಗಳ ಜೊತೆ ಟಿರೆಟ್ಟಾ ಬಜಾರಿಗೆ ಹೋಗಿ. ಪೊದ್ದಾರ್ ಕೋರ್ಟ್ ಕಟ್ಟಡದ ಬಳಿ, ಲಾಲ್‌ಬಜಾರಿನ ಪೊಲೀಸ್ ಕೇಂದ್ರ ಕಚೇರಿಯಿಂದ ನಡೆದು ಹೋಗುವಷ್ಟು ದೂರ. ಅವಳು ತಿನ್ನಲಿ. ನೀವು ನೋಡಿ, ಕೇಳಿ, ತಿರುಗಾಡಿ. ಆಮೇಲೆ ಮೂವರೂ ಬಡಾಬಜಾರಿನ ಕಡೆ ನಡೆಯಿರಿ. ಮಾರವಾಡಿ ಅಂಗಡಿಗಳಲ್ಲಿ ಬಿಸಿ ಕಚೋರಿ, ಜಿಲೇಬಿ ಸಿಗುತ್ತದೆ. ಅಪ್ಪಟ ಸಸ್ಯಾಹಾರದ ಅಂಗಡಿಗಳನ್ನು ಹುಡುಕಬೇಕಾಗಿಯೇ ಇಲ್ಲ. ಅವಳ ತಿಂಡಿಯ ಬಳಿ ನೀವು ನಿಂತಿರಿ, ನಿಮ್ಮ ತಿಂಡಿಯ ಬಳಿ ಅವಳು ನಿಲ್ಲುತ್ತಾಳೆ. ನಿಮ್ಮ ಮನೆಯವರು ರಕ್ತದೊತ್ತಡದ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳುವುದಾದರೆ ಹೊರಡುವ ಗಡಿಬಿಡಿಯಲ್ಲಿ ಅದನ್ನು ಮರೆಯದಿರಲಿ. ಕಚೋರಿಯ ಜೊತೆ ಉಪ್ಪಿನಕಾಯಿ ಅವರಿಗೆ ಬೇಡ.

ಎರಡನೆಯದು ಟ್ಯಾಂಗ್ರಾ. ಚೀನೀ ಅಡುಗೆಯ ರುಚಿ ನೀವೂ ನೋಡಬೇಕೆಂದಿದ್ದರೆ ಇದು ಸೂಕ್ತ, ಏಕೆಂದರೆ ಇಲ್ಲಿರುವುದು ಕುಳಿತು ಉಣ್ಣುವ ಹೋಟೆಲುಗಳು, ಮುಂಚಿತವಾಗಿ ಫೋನ್ ಮಾಡಿ ಮಾತನಾಡಬಹುದು. ಸಂಜೆ ಆರು, ಆರೂವರೆಗೆ, ಗಿರಾಕಿಗಳು ತುಂಬುವ ಮೊದಲೇ ಹೋಗಿ. ‘ವೆಜ್’ ಎಂದಷ್ಟೇ ಹೇಳಬೇಡಿ. ಬಂಗಾಳಿಯಲ್ಲಿ ‘ನಿರಾಮಿಷ್’ ಎಂದರೆ ಅಡುಗೆಯವರಿಗೆ ಸರಿಯಾಗಿ ಅರ್ಥವಾಗುತ್ತದೆ. ನಂತರ ನಾಲ್ಕು ವಿಷಯ ಕೇಳಿ: ಸೂಪಿಗೆ ಕೋಳಿಯ ಸಾರು ಹಾಕುತ್ತೀರಾ, ಆಯ್ಸ್ಟರ್ ಎಂಬ ಚಿಪ್ಪುಜೀವಿಯ ಸಾಸ್ ಅಥವಾ ಮೀನಿನ ಸಾಸ್ ಇದೆಯೆ, ನೂಡಲ್ಸ್‌ಗೆ ಮೊಟ್ಟೆ ಹಾಕಿದ್ದೀರಾ, ತೊಳೆದ ಬಾಣಲೆಯಲ್ಲಿ ಹೊಸ ಎಣ್ಣೆಯಿಂದ ಮಾಡಿಕೊಡುತ್ತೀರಾ. ಉತ್ತರ ತಡವರಿಸಿದರೆ ಎದ್ದು ಬನ್ನಿ, ಸಂಕೋಚ ಬೇಡ. ಒಳ್ಳೆಯ ಹೋಟೆಲಿನವರು ಇದಕ್ಕೆ ಬೇಸರಿಸುವುದಿಲ್ಲ. ಹೀಗೆಲ್ಲ ಕೇಳಿದರೂ ಅಡುಗೆಮನೆ ಒಂದೇ ಎಂಬ ಅಪಾಯ ಉಳಿದೇ ಇರುತ್ತದೆ. ಅದನ್ನು ಒಪ್ಪಲು ಮನಸ್ಸಿಲ್ಲದಿದ್ದರೆ ಅದೂ ಸರಿಯೇ. ನಿಮ್ಮ ಮನೆಯವರಿಗೆ ಸಾಸ್ ಕಡಿಮೆ ಹಾಕಲು ಹೇಳಿ, ಮೇಜಿನ ಮೇಲಿನ ಸೋಯಾ ಬಾಟಲಿಯನ್ನು ದೂರ ಸರಿಸಿ, ಸೂಪು ಅರ್ಧ ಬಟ್ಟಲಿಗೆ ಸಾಕು. ಹೋಟೆಲಿನ ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಿ. ಅದೊಂದರಿಂದಲೇ ಶುಚಿಯ ಭರವಸೆ ಸಿಗುವುದಿಲ್ಲ, ಆದರೆ ಅದೂ ಇಲ್ಲದ ಕಡೆ ಕೂರುವುದು ಬೇಡ.

ಮೂರನೆಯದು ಏನನ್ನೂ ತಿನ್ನದೆ ಸುಮ್ಮನೆ ನೋಡಿ ಬರುವುದು. ಇದನ್ನು ಕಡಿಮೆ ಎಂದು ತಿಳಿಯಬೇಡಿ. ಅಲ್ಲಿ ಏನೂ ಉಳಿದಿಲ್ಲ ಎನ್ನುವವರು ನೋಡುವುದು ತಿಂಡಿಯ ಗಾಡಿಗಳನ್ನು ಮಾತ್ರ. ಗಾಡಿಗಳು ಕಡಿಮೆಯಾಗಿರುವುದು ನಿಜ, ಮಾರುವವರಲ್ಲಿ ಹಲವರು ಚೀನೀಯರಲ್ಲ ಎಂಬುದೂ ನಿಜ. ಆದರೆ ಬೀದಿಯಲ್ಲಿ ಓದಲು ಬೇಕಾದಷ್ಟಿದೆ. 18ನೇ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚ್ಯೂ ಎಂಬ ಚೀನೀಯ ಹೂಗ್ಲಿ ನದಿಯ ದಡದಲ್ಲಿ, ಬಜ್‌ಬಜ್ ಹತ್ತಿರ, ಬ್ರಿಟಿಷ್ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನಿಂದ ಜಮೀನು ಪಡೆದು ಕಬ್ಬು ಬೆಳೆದು ಸಕ್ಕರೆ ಮಾಡಿಸಿದ. ಅವನ ಹೆಸರಿನಿಂದಲೇ ಆ ಊರು ಅಚೀಪುರವಾಯಿತು. ಅವನ ಸಮಾಧಿ ಅಲ್ಲಿದೆ, ಚೀನೀ ಹೊಸ ವರ್ಷದ ಸಮಯದಲ್ಲಿ ಕೋಲ್ಕತ್ತದ ಚೀನೀಯರು ಅಲ್ಲಿಗೆ ಹೋಗಿ ಕೈಮುಗಿಯುತ್ತಾರೆ. ನಂತರ ಬಂದವರು ನಗರದೊಳಗೆ, ಎಡ್ವರ್ಡೊ ಟಿರೆಟ್ಟಾ ಎಂಬ ಇಟಲಿಯವನ ಹೆಸರಿನ ಬಜಾರಿನ ಸುತ್ತ ನೆಲೆಸಿದರು. ಕ್ಯಾಂಟನ್ ಕಡೆಯವರು ಮರಗೆಲಸಕ್ಕೆ, ಹಕ್ಕಾ ಜನರು ಚಪ್ಪಲಿ ಮತ್ತು ಚರ್ಮದ ಕೆಲಸಕ್ಕೆ, ಹುಬೈ ಪ್ರಾಂತದವರು ಹಲ್ಲಿನ ವೈದ್ಯಕ್ಕೆ ಹೆಸರಾದರು. ಗೋಡೆಗಳ ಮೇಲೆ ‘ಚರ್ಚ್’ ಎಂದು ಬರೆದಿರುತ್ತದೆ, ಒಳಗಿರುವುದು ಚೀನೀ ದೇವಾಲಯ. 1905ರ ಸೀ ಇಪ್‌ನಲ್ಲಿ ಕರುಣೆಯ ದೇವತೆ ಗುವಾನ್ ಯಿನ್ ಇದ್ದಾಳೆ. ಟೂಂಗ್ ಆನ್ ದೇವಾಲಯದ ಕೆಳಗಿನ ಅಂತಸ್ತಿನಲ್ಲಿ ಹಿಂದೆ ನಾನ್‌ಕಿಂಗ್ ಎಂಬ ಪ್ರಸಿದ್ಧ ಹೋಟೆಲ್ ಇತ್ತು.

ಈ ಜನ ಏಕೆ ಇಷ್ಟು ಕಡಿಮೆಯಾದರು ಎಂದು ಮಗಳು ಕೇಳಿದರೆ ಹೇಳಿ. 1962ರ ಯುದ್ಧದ ನಂತರ, ಇಲ್ಲಿಯೇ ಹುಟ್ಟಿ ಬೆಳೆದವರೂ ಸೇರಿದಂತೆ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ಅಸ್ಸಾಂ, ಬಂಗಾಳ ಮತ್ತಿತರ ಕಡೆಗಳಿಂದ ಹಿಡಿದು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಿದರು. ಮುದುಕರೂ ಮಕ್ಕಳೂ ಇದ್ದರು. ಕೆಲವರು ವರ್ಷಗಟ್ಟಲೆ ಅಲ್ಲಿ ಕಳೆದರು. ಬಿಡುಗಡೆಯಾಗಿ ಬಂದಾಗ ಮನೆ, ಅಂಗಡಿ ಕೈತಪ್ಪಿದ್ದವರು ಬಹಳ. ಮುಂದಿನ ದಶಕಗಳಲ್ಲಿ ಕುಟುಂಬಗಳು ಕೆನಡಾದ ಟೊರಾಂಟೊ ಮೊದಲಾದ ಕಡೆ ಹೊರಟುಹೋದವು. ಟ್ಯಾಂಗ್ರಾದ ಚರ್ಮದ ಹದಗಾರಿಕೆಗೂ 1996ರ ಸುಪ್ರೀಂ ಕೋರ್ಟ್ ಆದೇಶದಿಂದ ಹೊಡೆತ ಬಿತ್ತು. ಮಾಲಿನ್ಯದ ಕಾರಣಕ್ಕೆ ಅದನ್ನು ನಗರದ ಹೊರಗಿನ ಬಾಂತಲಾಕ್ಕೆ ಸ್ಥಳಾಂತರಿಸಬೇಕಾಯಿತು. ಉಳಿದವರ ಕೈಹಿಡಿದದ್ದು ಅಡುಗೆ. ನೀವು ದಾವಣಗೆರೆಯಲ್ಲಿ ತಿನ್ನುವ ಮಂಚೂರಿಯ ಬೇರೂ ಇಲ್ಲಿಗೇ ಬರುತ್ತದೆ. ಕೋಲ್ಕತ್ತದ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬೈಯಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಮತ್ತು ಮೆಕ್ಕೆಜೋಳದ ಪಿಷ್ಟ ಸೇರಿಸಿ ಚಿಕನ್ ಮಂಚೂರಿಯನ್ ಮಾಡಿದರೆಂಬುದು ಪ್ರಚಲಿತ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ನಮ್ಮಂಥ ಸಸ್ಯಾಹಾರಿಗಳ ಕಾರಣಕ್ಕೆ.

ಟ್ಯಾಂಗ್ರಾಕ್ಕೆ ಹೋದರೆ ಅಲ್ಲಿನ ಚೀನೀ ಕಾಳಿ ಮಂದಿರವನ್ನು ನೋಡದೆ ಬರಬೇಡಿ. ಚೀನೀಯರೇ ಕಟ್ಟಿ ನಡೆಸಿಕೊಂಡು ಬಂದ ಗುಡಿ; ದೇವಿಗೆ ನೂಡಲ್ಸ್ ನೈವೇದ್ಯ ಮಾಡುತ್ತಾರೆ.

ಎರಡು ಕಡೆಯಲ್ಲೂ ನಡವಳಿಕೆಯ ಬಗ್ಗೆ ಒಂದು ವಿನಂತಿ. ಅದು ವಸ್ತುಪ್ರದರ್ಶನವಲ್ಲ, ಜನ ವಾಸಿಸುವ ಬೀದಿ. ದೇವಾಲಯದಲ್ಲಿ, ಗಾಡಿಯ ಮುಂದೆ ಕೇಳಿಯೇ ಫೋಟೊ ತೆಗೆಯಲಿ. ‘ನೀವು ಚೀನಾದಲ್ಲಿ ಎಲ್ಲಿಯವರು’ ಎಂದು ಕೇಳುವುದು ಬೇಡ. ಅವರು ಕೋಲ್ಕತ್ತದವರು, ಬಂಗಾಳಿ, ಹಿಂದಿ ಎರಡನ್ನೂ ನಮಗಿಂತ ಚೆನ್ನಾಗಿ ಮಾತನಾಡುತ್ತಾರೆ. ಕೊರೊನಾ ಕಾಲದಲ್ಲಿ ಆ ಹುಡುಗರು ‘ನಾನು ಹುಟ್ಟಿದ್ದು ಕೋಲ್ಕತ್ತದಲ್ಲಿ’ ಎಂದು ಅಂಗಿಯ ಮೇಲೆ ಬರೆದುಕೊಂಡು ತಿರುಗಾಡಬೇಕಾಯಿತು ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ, ಚೌಕಾಸಿ ಬೇಡ.

ಬರುವಾಗ ಬಜಾರಿನ ಸಾಸ್ ಅಂಗಡಿಯಿಂದ ಒಂದು ಬಾಟಲಿ ಹಸಿಮೆಣಸಿನಕಾಯಿ ಸಾಸ್ ತನ್ನಿ. ಲೇಬಲ್ಲಿನ ಮೇಲೆ ಹಸಿರು ಚುಕ್ಕೆ ಇದೆಯೇ, ಸೋಡಿಯಂ ಎಷ್ಟಿದೆ ಎಂದು ಅಂಗಡಿಯಲ್ಲೇ ಓದಿ ನೋಡಿ. ಮನೆಯಲ್ಲಿ ಗೋಬಿ ಮಾಡುವಾಗ ಅದನ್ನು ಹಾಕಿದರೆ ಬೇರೆ ಉಪ್ಪು ಬೇಕಾಗುವುದಿಲ್ಲ.